ಇಳಿಸೋರ ಚೀಲ

ಹಿರೇಕೆರೂರಿನಿಂದ ನೇಪಾಳಕ್ಕೆ ಒಂದು ಲಾರಿ ತುಂಬ ಬ್ಯಾಡಗಿ ಮೆಣಸಿನಕಾಯಿ ಕಳಿಸೋಣ ಎಂದು ನೇತ್ರಾ ಹೇಳಿದಾಗ, ಅವಳ ಮಾವ ಉಳವಪ್ಪನವರು ಮೊದಲು ಕೇಳಿದ್ದು ಒಂದೇ ಮಾತು.

"ಅಲ್ಲೆ ಮಂದಿ ಖಾರ ತಿಂತಾರೇನು?"

"ತಿಂತಾರ್ರಿ ಮಾವಾರ. ಮಸಾಲಿ ಪುಡಿ ಮಾಡೋ ಮಿಲ್ಲಿನವರು. ನಮ್ಮ ಕಾಯಿ ಬಣ್ಣ ನೋಡಿ ಮರುಳಾಗ್ಯಾರ."

"ಬಣ್ಣ ನೋಡಿ ಮರುಳಾದೋರು ತಿಂದ ಮ್ಯಾಲ ಖಾರ ಇಲ್ಲಂತ ಜಗಳಕ್ಕ ಬರಬಾರ್ದು, ನೋಡು."

ಉಳವಪ್ಪನವರದು ನಲವತ್ತು ವರ್ಷದ ದಲಾಲಿ ಅಂಗಡಿ. ಮುಂಬೈ, ಹೈದರಾಬಾದು, ಮಂಗಳೂರು ಎಂದರೆ ಅವರಿಗೆ ಪಕ್ಕದ ಓಣಿ ಇದ್ದಂತೆ. ಆದರೆ ದೇಶದ ಗಡಿ ದಾಟುವ ವ್ಯಾಪಾರ ಅವರ ಅಂಗಡಿಯ ಗಾದಿಯ ಮೇಲೆ ಎಂದೂ ಕುಳಿತಿರಲಿಲ್ಲ. ಹಾನಗಲ್ಲಿನಿಂದ ಸೊಸೆಯಾಗಿ ಬಂದ ನೇತ್ರಾ ಆರು ವರ್ಷದಲ್ಲಿ ಅಂಗಡಿಯ ಕಾಗದಪತ್ರವನ್ನೆಲ್ಲ ತನ್ನ ಕೈಗೆ ತೆಗೆದುಕೊಂಡಿದ್ದಳು. ನೇಪಾಳದ ಗಡಿಯೂರು ಬೀರ್‌ಗಂಜಿನ ಮಿಲ್ಲನ್ನು ಹುಡುಕಿದವಳು ಅವಳೇ. ಸ್ಯಾಂಪಲ್ ಕಳಿಸಿದವಳು, ಲೈಸೆನ್ಸ್ ಮಾಡಿಸಿದವಳು, ಗಡಿಯಲ್ಲಿ ಏಜೆಂಟನನ್ನು ಗೊತ್ತುಮಾಡಿದವಳೂ ಅವಳೇ. ಮಾತುಕತೆ ಮುಗಿಯಲು ಎಂಟು ತಿಂಗಳು ಹಿಡಿಯಿತು.

"ಒಂದು ಲೋಡು ಕಳಸು," ಎಂದರು ಉಳವಪ್ಪನವರು ಕೊನೆಗೆ. "ಸುಖಾ ಹೋಗಿ ಮುಟ್ಟಿದ್ರ ತಿಂಗಳಿಗೊಂದು ಕಳಸೂಣು. ಏನರ ಎಡವಟ್ಟಾತು, ನೀನೂ ನಿನ್ನ ಕಂಪ್ಯೂಟರೂ ಮನಿ ಕಡೆ. ಅಂಗಡಿ ಮತ್ತ ನಮ್ಮ ಹಳೇ ದಾರಿಗೆ."

ನಗುತ್ತಲೇ ಹೇಳಿದರು. ಆದರೆ ಆ ಮನೆಯಲ್ಲಿ ನಗುತ್ತ ಹೇಳಿದ ಮಾತುಗಳೇ ಹೆಚ್ಚು ಗಟ್ಟಿ ಎಂಬುದು ನೇತ್ರಾಳಿಗೆ ಗೊತ್ತಿತ್ತು.

ಜನವರಿ ಕೊನೆಯ ಶನಿವಾರ ಲಾರಿ ತುಂಬಿತು. ಪೂರಾ ಲೋಡು. ಒಬ್ಬರದೇ ಮಾಲು, ಒಂದೇ ಲಾರಿ, ಇಲ್ಲಿ ಹತ್ತಿಸಿದ್ದನ್ನು ಅಲ್ಲಿಯೇ ಇಳಿಸಬೇಕು. ಲಾರಿ ಸವಣೂರಿನ ಹಜರತಅಲಿಯದು, ಹತ್ತು ಗಾಲಿಯದು. ಇಪ್ಪತ್ತೈದು ವರ್ಷದಿಂದ ಈ ಅಂಗಡಿಯ ಮಾಲು ಹೊರುತ್ತಿರುವ ಮನುಷ್ಯ. ಜೊತೆಗೆ ಎರಡನೆಯ ಡ್ರೈವರ್ ಆಗಿ ತಿಳವಳ್ಳಿಯ ರುದ್ರೇಶ.

ಹಮಾಲರ ಹಿರಿಯ ಹೂವಪ್ಪನಿಗೆ ನೇತ್ರಾ ಮೂರು ಸಲ ಹೇಳಿದ್ದಳು. "ಕಾಕಾ, ಮುನ್ನೂರು ಅಂದ್ರ ಮುನ್ನೂರ. ಒಂದು ಕಡಿಮಿ ಆಗಬಾರ್ದು, ಒಂದು ಹೆಚ್ಚಾಗಬಾರ್ದು. ಕಾಗದದಾಗ ಮುನ್ನೂರ ಬರದೇನಿ. ಗಡಿಯಾಗ ಹಿಡೀತಾರ."

"ಅಕ್ಕಾರ, ನಾ ಎಣಿಸಾಕ ನಿಂತು ಮೂವತ್ತು ವರ್ಷಾತು," ಎಂದ ಹೂವಪ್ಪ. ಎಂದಿನಂತೆ ಮೊದಲ ಚೀಲಕ್ಕೆ ಒಂದು ಎನ್ನದೆ "ಲಾಭ" ಎಂದು ಕೂಗಿ, ಎರಡು, ಮೂರು ಎಂದು ಹಿಡಿದು ಮುನ್ನೂರಕ್ಕೆ ನಿಲ್ಲಿಸಿದ. ನೇತ್ರಾ ತಾನೂ ನಿಂತು ಎಣಿಸಿದಳು. ಕಾಟಾದ ಮೇಲೆ ಲಾರಿ ನಿಲ್ಲಿಸಿ ತೂಕ ಹಿಡಿಸಿದಳು. ಆಮೇಲೆ ಲಾರಿ ಬೇವಿನ ಗಿಡದ ಕೆಳಗೆ ಬಂದು ನಿಂತಿತು. ಹಮಾಲರು ತಾಡಪಾಲು ಹೊದಿಸಿ ಹಗ್ಗ ಬಿಗಿಯುವಷ್ಟರಲ್ಲಿ ಇವಳು ಒಳಗೆ ಹೋಗಿ ಕಾಗದಕ್ಕೆ ಶಿಕ್ಕಾ ಒತ್ತಿ ಬಂದಳು. ಕೊನೆಗೆ ಹಗ್ಗದ ಗಂಟಿಗೆ ನಂಬರಿನ ಸೀಲು ಹಾಕಿ, ಅದರ ಫೋಟೊ ತೆಗೆದು, "ಹೋಗಿ ಬರ್ರಿ ಚಾಚಾ," ಎಂದಳು.

ಸವಣೂರಿನಲ್ಲಿ ಲಾರಿ ಹತ್ತು ನಿಮಿಷ ನಿಂತಿತು. ಹಜರತಅಲಿಯ ಹೆಂಡತಿ ಕುಲಸುಮಬಿ ಬುತ್ತಿಯ ಜೊತೆ ಒಂದು ಉಣ್ಣೆಯ ಶಾಲನ್ನೂ ಕ್ಯಾಬಿನ್ನಿಗೆ ಎಸೆದಳು.

"ಈ ಬಿಸಲಾಗ ಶಾಲ್ ಯಾಕ?" ಎಂದ ಗಂಡ.

"ಅಲ್ಲಿ ಥಂಡಿ ಅಂತ. ಟಿವಿಯಾಗ ತೋರಿಸ್ಯಾರ. ನೀವು ನೇಪಾಳ ನೋಡೀರೇನು?"

"ನೀ ನೋಡೀಯೇನು?"

"ನಾ ಟಿವಿ ನೋಡೇನಿ. ಇಟ್ಕೊಳ್ರಿ ಸುಮ್ನ."

ಬುತ್ತಿ ಐದು ದಿನಕ್ಕೆಂದು ಕಟ್ಟಿದ್ದು. ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ. ಶಿಗ್ಗಾಂವಿ ದಾಟಿ ಗೊಟಗೋಡಿಯ ಹತ್ತಿರ ಬರುವಷ್ಟರಲ್ಲಿ ರುದ್ರೇಶ ನಾಲ್ಕು ರೊಟ್ಟಿ ಮುಗಿಸಿದ್ದ. "ಉಸ್ತಾದ್, ತೂಕಾ ಕಡಿಮಿ ಮಾಡಾಕತ್ತೇನಿ," ಎಂದ.

ಲಾರಿ ಓಡಿಸುವವರಿಗೆ ದೇಶವೆಂದರೆ ಢಾಬಾಗಳ ಸಾಲು. ಸೊಲ್ಲಾಪುರದಲ್ಲಿ ಚಹಾ, ನಾಗಪುರದಲ್ಲಿ ಸ್ನಾನ, ಜಬಲ್‌ಪುರದಲ್ಲಿ ಒಂದು ಪಂಕ್ಚರ್. ಅಲ್ಲಿಂದ ಮುಂದೆ ಮಂಜು. ಶಾಲು ಮೊದಲು ಮೊಣಕಾಲಿಗೆ ಬಂತು, ಆಮೇಲೆ ಹೆಗಲಿಗೆ, ಗಂಗೆ ದಾಟಿದ ಮೇಲೆ ತಲೆಗೆ. ಹಜರತಅಲಿ ಮನೆಗೆ ಫೋನು ಮಾಡಿದಾಗ ಶಾಲಿನ ಸುದ್ದಿ ಎತ್ತಲಿಲ್ಲ. ಕುಲಸುಮಬಿಯೇ ಕೇಳಿದಳು.

ಶುಕ್ರವಾರ ಬೆಳಿಗ್ಗೆ ಏಳಕ್ಕೆ ಅವರು ರಕ್ಸೌಲಿನಲ್ಲಿ, ಗಡಿಯ ಈಚೆ, ಲಾರಿಗಳ ಸಾಲಿನಲ್ಲಿ ನಿಂತಿದ್ದರು. ಮುಂದಿನ ಲಾರಿಯ ಹಿಂದಿನ ಕೆಂಪು ದೀಪ ಬಿಟ್ಟರೆ ಏನೂ ಕಾಣುತ್ತಿರಲಿಲ್ಲ. ನೇತ್ರಾ ಗೊತ್ತುಮಾಡಿದ್ದ ಏಜೆಂಟ್ ಮಫ್ಲರ್ ಸುತ್ತಿಕೊಂಡು ಬಂದು ಕಾಗದ ನೋಡಿದ. ಆ ಊರಿನವನೇ, ಹಿಂದಿ ಮಾತಾಡುವವನು. ಎಲ್ಲ ಸರಿ ಇದೆ, ಮಧ್ಯಾಹ್ನದೊಳಗೆ ಆಚೆ ಹೋಗಬಹುದು ಎಂದ. "ಸಂಜೆಯೊಳಗೆ ಮಿಲ್ಲು ಮುಟ್ಟಲೇಬೇಕು. ನಾಳೆ ಆಚೆ ರಜೆ. ಇವತ್ತು ಮಾಲು ಬರದಿದ್ದರೆ ಬೇರೆಯವರದು ತಗೋತೇವೆ ಅಂತ ಮಿಲ್ಲಿನವರು ನಿನ್ನೆಯೇ ಹೇಳಿದ್ದಾರೆ," ಎಂದು ಸೇರಿಸಿದ.

ಅವನು ಅತ್ತ ಹೋದ, ಇತ್ತ ಹೂವಪ್ಪನ ಫೋನು ಬಂತು.

"ಮುಟ್ಟಿದ್ರೇನು ಸಾಬ್ರ?"

"ಬಾಗಲಕ್ಕ ಬಂದೇವಿ ಹೂವಣ್ಣ. ಇನ್ನ ಒಳಗ ಬಿಡಬೇಕು."

"ಅಲ್ಲಿ ಹಮಾಲರಿಗೆ ಒಂದು ಮಾತು ಹೇಳ್ರಿ. ಹಿಂದಿನ ಬಾಗಲಾ ತಗದ ಕೂಡಲೆ ಎಡಕ್ಕ, ಮ್ಯಾಲ, ತಾಡಪಾಲಿನ ಬುಡಕ ಐತಿ. ಕೆಂಪು ದಾರದಾಗ ಹೊಲದೇನಿ. ಮತ್ತ ಮಾಲಿನ ಜೋಡಿ ಕೂಡಿಸಿಬಿಟ್ಟಾರು."

ಹಜರತಅಲಿಯ ಕೈಯಲ್ಲಿದ್ದ ಚಹಾ ಬಾಯಿಗೆ ಬರುವ ಮುಂಚೆ ನಿಂತಿತು.

"ಏನೈತಿ ಎಡಕ್ಕ?"

"ಇಳಿಸೋರ ಚೀಲ. ಮತ್ತೇನಿರತೈತಿ?"

ಇದು ಆ ಅಂಗಡಿಯ ಹಮಾಲರ ಹಳೆಯ ರೂಢಿ. ಎಷ್ಟು ಹಳೆಯದೆಂದರೆ, ಅದನ್ನು ರೂಢಿ ಎಂದು ಯಾರೂ ಕರೆಯುತ್ತಿರಲಿಲ್ಲ. ವರ್ಷದ ಹೊಸ ಮಾಲು ದೂರದ ಊರಿಗೆ ಹೊರಟಾಗ, ಹತ್ತಿಸಿದ ಹಮಾಲರು ತಮ್ಮ ಪಾಲಿಗೆ ಬಂದ ಕಾಯಿಯಲ್ಲಿ ಬೊಗಸೆ ಬೊಗಸೆ ಹಾಕಿ ಒಂದು ಸಣ್ಣ ಚೀಲ ತುಂಬುತ್ತಾರೆ. ಅದು ಸಾಹುಕಾರರದಲ್ಲ, ಕೊಂಡವರದೂ ಅಲ್ಲ. ಆ ತುದಿಯಲ್ಲಿ ನಿಂತು ಇದೇ ಚೀಲಗಳನ್ನು ಇಂಥದೇ ಬೆನ್ನಿನ ಮೇಲೆ ಇಳಿಸುವವರಿಗೆ. ಇವರು ಅವರನ್ನು ನೋಡಿದವರಲ್ಲ, ಅವರು ಇವರನ್ನು ನೋಡುವುದಿಲ್ಲ. ಮುಂಬೈಯ ಹಮಾಲರು ಒಮ್ಮೆ ಖಾಲಿ ಚೀಲದಲ್ಲಿ ಒಂದು ಕಿಲೊ ಚಹಾಪುಡಿ ಹಾಕಿ ಮರಳಿ ಕಳಿಸಿದ್ದರು. ಹೂವಪ್ಪ ಅದನ್ನು ಇವತ್ತಿಗೂ ಹೇಳುತ್ತಾನೆ.

ಚೀಲ ಹಾಕುವುದು ಕಾಟಾ ಆದ ಮೇಲೆ, ತಾಡಪಾಲು ಹೊದಿಸುವಾಗ. ಯಾಕೆಂದರೆ ಅದು ಲೋಡಲ್ಲವಲ್ಲ.

"ಹೂವಣ್ಣ," ಎಂದ ಹಜರತಅಲಿ ನಿಧಾನಕ್ಕೆ, "ಇದು ಬ್ಯಾರೆ ದೇಶ."

"ಬ್ಯಾರೆ ದೇಶದಾಗ ಹಮಾಲರು ಇರಂಗಿಲ್ಲೇನು?"

ಹಜರತಅಲಿ ಫೋನಿಟ್ಟು ಎರಡು ನಿಮಿಷ ಮಂಜು ನೋಡಿದ. ಇಪ್ಪತ್ತೈದು ವರ್ಷ ಆ ಚೀಲ ಹೊತ್ತವನು, ಬೇವಿನ ಗಿಡದ ಕೆಳಗೆ ಅದು ಹತ್ತಿತೋ ಇಲ್ಲವೋ ಎಂದು ತಾನಾದರೂ ಕೇಳಬಾರದಿತ್ತೇ? ರುದ್ರೇಶ ಒಂದು ಉಪಾಯ ಹೇಳಿದ. "ತಾಡಪಾಲಿನ ಬುಡಕ ಕೈ ಹಾಕಿ ಮೆಲ್ಲಕ ಜಗ್ಗಿದ್ರ ಹೆಂಗ ಉಸ್ತಾದ್? ಸೀಲು ಹಂಗ ಇರತೈತಿ."

"ಸುತ್ತಲೂ ಐವತ್ತು ಲಾರಿ ನಿಂತಾವು. ಗಡಿಯಾಗ ನಿಂತು ತಾಡಪಾಲಿನ ಬುಡಕ ಕೈ ಹಾಕಿದೋನು ಮೆಣಸಿನಕಾಯಿ ಹುಡಕಾಕತ್ತಾನ ಅಂತ ಯಾರರ ನಂಬ್ತಾರೇನೋ?"

ನೇತ್ರಾಳಿಗೆ ಫೋನು ಹೋಯಿತು. ಅವಳು ಪೂರ್ತಿ ಕೇಳಿಸಿಕೊಂಡಳು. "ಇರ್ರಿ ಚಾಚಾ," ಎಂದು, ಫೋನು ಕೈಯಲ್ಲಿ ಹಿಡಿದುಕೊಂಡೇ ಅಂಗಳಕ್ಕೆ ನಡೆದಳು. ಹೂವಪ್ಪ ದಬ್ಬಣ ಹಿಡಿದು ಚೀಲ ಹೊಲಿಯುತ್ತ ಕುಳಿತಿದ್ದ.

"ಕಾಕಾ, ನಾ ನಿಮಗ ಏನ್ ಹೇಳಿದ್ದೆ?"

"ಮುನ್ನೂರು ಅಂದಿದ್ರಿ. ಮುನ್ನೂರ ಹಾಕೇವ್ರಿ."

"ಮತ್ತ ಕೆಂಪು ದಾರದ್ದು?"

"ಅದು ಲೋಡಿನಾಗ ಬರಂಗಿಲ್ರಿ."

"ಕಾಗದ ನೋಡೋರಿಗೆ ಅದೂ ಒಂದು ಚೀಲಾನ ಅಲ್ಲೇನು?"

"ಹಂಗಂದ್ರ ಡ್ರೈವರನ ಬುತ್ತಿನೂ ಲೋಡಾತು. ಹಜರತಸಾಬ್ರ ಹೊಟ್ಟೀನೂ ಲೋಡಾತು. ಅದನ್ನೂ ಬರೀಬೇಕಿತ್ತು ನೀವು."

ಫೋನಿನೊಳಗಿಂದ ಹಜರತಅಲಿ, "ಕೇಳಸಾಕತ್ತೈತಿ ಹೂವಣ್ಣ," ಎಂದ.

ನೇತ್ರಾಳಿಗೆ ನಗು ಬರುವ ಹೊತ್ತಲ್ಲ ಅದು. ಏಜೆಂಟನನ್ನು ಕೇಳಿದಳು. ಅವನು ಎರಡು ದಾರಿ ಹೇಳಿದ. ಸುಮ್ಮನೆ ಹೋಗಬಹುದು. ಹಿಂಬಾಗಿಲು ತೆಗೆದು ನಾಲ್ಕು ಚೀಲ ನೋಡಿ ಬಿಡುವುದೂ ಉಂಟು. ಆದರೆ ಆಚೆ ಪೂರ್ತಿ ಎಣಿಸಿ ಹೆಚ್ಚಿನದು ಸಿಕ್ಕರೆ, ಕಾಗದವೇ ಸುಳ್ಳು ಎಂದು ಲಾರಿಯನ್ನೇ ನಿಲ್ಲಿಸುತ್ತಾರೆ. ಇಲ್ಲವಾದರೆ ಈಚೆಯ ಕಸ್ಟಮ್ಸ್ ಸಾಹೇಬರಿಗೆ ತಾವಾಗಿಯೇ ಹೇಳಿ, ಅವರ ಎದುರಿಗೆ ಸೀಲು ಒಡೆಸಿ ಚೀಲ ಇಳಿಸಬೇಕು. ಅದಕ್ಕೆ ಎಷ್ಟು ಹೊತ್ತು ಹಿಡಿಯುತ್ತದೋ ಹೇಳಲಾಗದು. ಇವತ್ತೇ ಮುಗಿಯಬಹುದು, ಮುಗಿಯದೆಯೂ ಇರಬಹುದು.

ನೇತ್ರಾ ಒಳಗೆ ಬಂದು ಮಾವನ ಎದುರಿಗೆ ನಿಂತಳು. ಮುಚ್ಚಿಟ್ಟು ಪ್ರಯೋಜನವಿರಲಿಲ್ಲ. "ಮಾವಾರ, ಲೋಡಿನಾಗ ಎಡವಟ್ಟಾಗೈತ್ರಿ," ಎಂದು ಎಲ್ಲವನ್ನೂ ಹೇಳಿದಳು.

ಉಳವಪ್ಪನವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ ಮೇಲೆಯೂ ಹಾಕಿಕೊಳ್ಳಲಿಲ್ಲ.

"ಹೂವಪ್ಪ ಆ ಚೀಲಾ ತುಂಬೂ ಮುಂದ ನಾ ಅಲ್ಲೇ ನಿಂತಿದ್ದೆ," ಎಂದರು.

"ನೀವು ನೋಡಿದ್ರಾ?"

"ನೋಡಿದ್ದೇನು, ನಾನೂ ಎರಡು ಬೊಗಸಿ ಹಾಕೇನಿ."



"ಹಂಗಾರ ಮನಿಗೆ ಇಬ್ರೂ ಕೂಡೇ ಹೋಗೂಣ್ರಿ," ಎಂದಳು ನೇತ್ರಾ.

"ಮೊದಲು ಲಾರಿ ದಾಟಲಿ. ನಿಂಗ ಹೆಂಗ ತಿಳೀತೈತಿ ಹಂಗ ಮಾಡು. ಕಾಗದ ನಿಂದು."

ಅವಳು ಕುಳಿತು ಒಂದು ಪತ್ರ ಬರೆದಳು. ನಮ್ಮ ಹಮಾಲರು ತಮ್ಮ ರೂಢಿಯಂತೆ, ಮಿಲ್ಲಿನಲ್ಲಿ ಇಳಿಸುವ ಹಮಾಲರಿಗೆಂದು ಸುಮಾರು ಇಪ್ಪತ್ತು ಕಿಲೊದ ಒಂದು ಸಣ್ಣ ಚೀಲ ಇಟ್ಟಿದ್ದಾರೆ. ಅದು ಮಾರಾಟದ ಮಾಲಲ್ಲ, ಕಾಗದದಲ್ಲಿಲ್ಲ. ಕೆಂಪು ದಾರದಲ್ಲಿ ಹೊಲಿದದ್ದು, ಹಿಂದೆ ಎಡಕ್ಕೆ ಮೇಲಿದೆ. ದಯವಿಟ್ಟು ಇಳಿಸಿ, ಉಳಿದ ಮುನ್ನೂರನ್ನು ಬಿಡಬೇಕು. ಶಿಕ್ಕಾ ಒತ್ತಿ, ಫೋಟೊ ತೆಗೆದು ಕಳಿಸಿದಳು. "ಹೇಳಿಬಿಡ್ರಿ ಚಾಚಾ," ಎಂದಳು.

ಸಾಹೇಬರು ಐವತ್ತರ ಆಸುಪಾಸಿನವರು. ಮುಂದೆ ಹೀಟರ್ ಇಟ್ಟುಕೊಂಡು ಕುಳಿತಿದ್ದರು. ಪತ್ರ ಒಮ್ಮೆ ಓದಿ, ಇನ್ನೊಮ್ಮೆ ಓದಿದರು. ಹಜರತಅಲಿಯ ಹಿಂದಿ ಹೈವೇ ಹಿಂದಿ. ಆದರೂ ಕೆಲಸ ನಡೆಯಿತು.

"ಯಾವ ಊರು?"

"ಸವಣೂರು."

"ಎಲ್ಲಿ ಬರುತ್ತದೆ?"

"ಶಿಗ್ಗಾಂವಿ ಹತ್ತಿರ."

"ಶಿಗ್ಗಾಂವಿ?"

"ಹುಬ್ಬಳ್ಳಿ ಹತ್ತಿರ."

ಸಾಹೇಬರ ಮುಖದಲ್ಲಿ ಏನೂ ಬೆಳಗಲಿಲ್ಲ.

"ಗೋವಾದಿಂದ ಸ್ವಲ್ಪ ಈಚೆ," ಎಂದ ಹಜರತಅಲಿ. ಅದು ಎಲ್ಲರಿಗೂ ತಿಳಿಯುತ್ತದೆ.

"ಕಾಗದಕ್ಕಿಂತ ಕಡಿಮೆ ಇದ್ದರೆ ದಾರಿಯಲ್ಲಿ ಕಳುವಾಯಿತು ಅಂತ ಅಳುತ್ತ ಬರುತ್ತಾರೆ," ಎಂದರು ಸಾಹೇಬರು. "ಹೆಚ್ಚಿದೆ ಅಂತ ಹೇಳಲಿಕ್ಕೆ ಬಂದೆಯಲ್ಲ, ಒಳಗೆ ಮೆಣಸಿನಕಾಯಿ ಬಿಟ್ಟು ಬೇರೇನಾದರೂ ಇದ್ದರೆ ಈಗಲೇ ಹೇಳು."

"ಬೇರೇನಾದರೂ ಇದ್ದಿದ್ದರೆ ಹೇಳಲಿಕ್ಕೆ ಬರುತ್ತಿದ್ದೆನೇ ಸಾಹೇಬ್?"

ಲಾರಿಯನ್ನು ಪಕ್ಕದ ಅಂಗಳಕ್ಕೆ ತಂದು ನಿಲ್ಲಿಸಿದರು. ಅಲ್ಲಿ ಸರದಿ ಕಾಯುವುದರಲ್ಲಿ ಹನ್ನೆರಡು ಹೊಡೆಯಿತು. ನೇತ್ರಾ ಅರ್ಧ ಗಂಟೆಗೊಮ್ಮೆ ಫೋನು ಮಾಡಿದಳು. ಐದನೆಯ ಸಲಕ್ಕೆ ಹಜರತಅಲಿ, "ಬೇಟಿ, ನೀ ಫೋನ್ ಮಾಡಿದ್ರ ಮಂಜು ಸರಿಯಂಗಿಲ್ಲ. ಉಂಡು ಬಾ," ಎಂದ.

ಒಂದೂವರೆಗೆ ಸಾಹೇಬರು ಬಂದರು. ಸೀಲು ಒಡೆಸಿ, ಫೋಟೊ ತೆಗೆಸಿದರು. ಆ ಅಂಗಳದ ಇಬ್ಬರು ಹಮಾಲರು ಮೇಲೆ ಹತ್ತಿದರು. ಒಬ್ಬ ಬಿಳಿ ಮೀಸೆಯವನು, ಇನ್ನೊಬ್ಬ ಅವನ ತಮ್ಮನಂತೆ ಕಾಣುವವನು. ಎಡಕ್ಕೆ, ಮೇಲೆ, ತಾಡಪಾಲಿನ ಕೆಳಗೆ, ಹೂವಪ್ಪ ಹೇಳಿದಲ್ಲಿಯೇ ಇತ್ತು. ಮಗುವನ್ನು ಎತ್ತಿಕೊಂಡಂತೆ ಎತ್ತಿಕೊಂಡು ಇಳಿಸಿದರು. ಅದರ ಮೇಲೆ ನೀಲಿ ಮಸಿಯಲ್ಲಿ ಹೂವಪ್ಪ ಕನ್ನಡದಲ್ಲಿ ಬರೆದಿದ್ದ.

"ಏನಿದು ಬರೆದದ್ದು?" ಎಂದರು ಸಾಹೇಬರು.

"ಇಳಿಸುವವರಿಗೆ, ಹಿರೇಕೆರೂರಿನ ಹಮಾಲರಿಂದ, ಅಂತ."

ಸಾಹೇಬರು ಚೀಲ ಬಿಚ್ಚಿಸಿ ಮೊಣಕೈಯವರೆಗೆ ಕೈ ಹಾಕಿ ನೋಡಿದರು. ಆಮೇಲೆ ನಾಲ್ಕು ಸಲ ಸೀನಿದರು. ಲಾರಿಯನ್ನು ಮತ್ತೆ ಕಾಟಾಕ್ಕೆ ಕಳಿಸಿದರು. ಹಿರೇಕೆರೂರಿನ ತೂಕದ ಚೀಟಿಗೂ ಇಲ್ಲಿಯದಕ್ಕೂ ಡೀಸೆಲ್ಲಿನಷ್ಟೇ ಫರಕು ಬಂತು. ಚೀಲ ಹಾಕುವ ಮುಂಚೆ ತೂಕ ಹಿಡಿಸಿದ್ದು ಈಗ ಉಪಕಾರಕ್ಕೆ ಬಂತು. ಹೊಸ ಸೀಲು ಹಾಕಿ, ಅದರ ನಂಬರನ್ನು ಕಾಗದದ ಮೇಲೆ ಬರೆದು, ಸಹಿ ಮಾಡಿದರು. ಎರಡೂವರೆ ಆಗಿತ್ತು.

"ಈ ಚೀಲ ಆಚೆ ಹೋಗುವಂತಿಲ್ಲ," ಎಂದರು. "ನನ್ನ ಅಂಗಳದಲ್ಲಿ ಇರುವಂತೆಯೂ ಇಲ್ಲ. ಏನು ಮಾಡುತ್ತೀಯೋ ಮಾಡು."

ಹಜರತಅಲಿ ಹೂವಪ್ಪನಿಗೆ ಫೋನು ಮಾಡಿದ. ನಡೆದದ್ದನ್ನು ಹೇಳಿದ.

"ಮುಟ್ಟಲಿಲ್ಲಾತು, ಹಂಗಾರ," ಎಂದ ಹೂವಪ್ಪ.

"ಏನ್ ಮಾಡ್ಲಿ ಹೇಳು. ಇಲ್ಲೇ ಕಟ್ಟಿ ಮ್ಯಾಲ ಕುಂತೈತಿ."

"ಲಾರಿಯಿಂದ ಯಾರು ಇಳಿಸಿದ್ರು?"

"ಇಲ್ಲೇ ಇಬ್ರು ಹಮಾಲರು."

"ಅವರ ಇಳಿಸಿದ್ರಾ? ಸ್ವಂತ ಕೈಲೆ?"

"ಹೌದೋ ಮಾರಾಯ. ನಾ ನೋಡೇನಿ."

"ಮತ್ತ ಕೇಳೂದೇನೈತಿ ಸಾಬ್ರ. ಇಳಿಸಿದೋರು ಅವರ ಅಲ್ಲೇನು? ಅವರದ ಅದು."

ಬಿಳಿ ಮೀಸೆಯವನಿಗೆ ಇದನ್ನು ತಿಳಿಸುವುದೇ ದೊಡ್ಡ ಕೆಲಸವಾಯಿತು. ಯಾಕೆ ಕೊಡುತ್ತಾರೆ, ಯಾರು ಕೊಡುತ್ತಾರೆ, ಮುಂದೆ ಏನು ಕೇಳುತ್ತಾರೆ ಎಂದು ಮೂರು ಸಲ ಕೇಳಿದ. ಏನೂ ಕೇಳುವುದಿಲ್ಲ, ನೀನು ಇಳಿಸಿದೆ, ಅದಕ್ಕೆ, ಎಂದ ಹಜರತಅಲಿ. ಮುದುಕ ಒಂದು ಕಾಯಿ ತೆಗೆದು ಮುರಿದು ಬಾಯಿಗಿಟ್ಟ. ಅಷ್ಟು ಕೆಂಪಗಿನದನ್ನು ಕಚ್ಚಿ, ಉರಿ ಏರಲೆಂದು ಕಣ್ಣು ಮುಚ್ಚಿ ಕಾದ. ಉರಿ ಬರಲಿಲ್ಲ. ಕಣ್ಣು ತೆರೆದ.

"ನಿಮ್ಮೂರಲ್ಲಿ ಇದನ್ನು ತಿನ್ನುತ್ತಾರೋ, ಇದರಲ್ಲಿ ಬಟ್ಟೆಗೆ ಬಣ್ಣ ಹಾಕುತ್ತಾರೋ?" ಎಂದ.

ರುದ್ರೇಶ ನಕ್ಕು ನಕ್ಕು ಟೈರಿಗೆ ಒರಗಿದ. ಲಾರಿ ಹೊರಡುವಾಗ ಮುದುಕ ಓಡಿಬಂದು, ಒಂದು ಗಂಟನ್ನು ಕಿಟಕಿಯೊಳಗೆ ತುರುಕಿದ. ತನ್ನ ಹೊಲದ ಭತ್ತದ ಅವಲಕ್ಕಿ. "ಹತ್ತಿಸಿದವರಿಗೆ," ಎಂದ.

"ಇದು ಗಡಿ ದಾಟಿ ಮತ್ತ ಗಡಿ ದಾಟಬೇಕಲ್ಲೋ," ಎಂದು ಹಜರತಅಲಿಗೆ ಹೆದರಿಕೆ ಬಂತು. ಗಂಟನ್ನು ಏಜೆಂಟನ ಕೈಗೆ ಕೊಟ್ಟು, ಮರಳಿ ಬರುವಾಗ ತಗೋತೇನೆ ಎಂದ. ಒಂದೇ ದಿನದಲ್ಲಿ ಅವನು ಬಹಳ ಕಲಿತಿದ್ದ.

ಮೂರಕ್ಕೆ ಗಡಿ ದಾಟಿತು. ಆಚೆಯವರು ಮುನ್ನೂರನ್ನೂ ಎಣಿಸಿದರು, ಒಂದೂ ಬಿಡಲಿಲ್ಲ. ಐದೂವರೆಗೆ ಮಿಲ್ಲಿನ ಬಾಗಿಲು. ಮಿಲ್ಲಿನ ಯಜಮಾನ ಒಂದು ಮುಷ್ಟಿ ಕಾಯಿಯನ್ನು ಬೆಳಕಿಗೆ ಹಿಡಿದು ನೋಡಿ, ಮುಂದಿನ ಲೋಡು ಯಾವಾಗ ಎಂದು ಕೇಳಿದ. ಅಲ್ಲಿಯ ಹಮಾಲರಿಗೆ ಕೊಡಲು ಚೀಲವಿರಲಿಲ್ಲ. ರುದ್ರೇಶ ಬುತ್ತಿಯಲ್ಲಿ ಉಳಿದ ಶೇಂಗಾ ಚಟ್ನಿಯನ್ನು ಮುಂದಿಟ್ಟ. ಡಬ್ಬಿ ಖಾಲಿಯಾಗಿ ಬಂತು.

ಹಜರತಅಲಿ ನೇತ್ರಾಳಿಗೆ ಹೇಳಿದ್ದು ಇಷ್ಟೇ, "ಬೇಟಿ, ಮುನ್ನೂರು ಇಳದ್ವು. ಮುಂದಿನದು ಯಾವಾಗಂತ ಕೇಳಾಕತ್ತಾರ."

ಅವಳು ಫೋನನ್ನು ಮಾವನ ಕಿವಿಗೆ ಹಿಡಿದಳು. "ಇನ್ನೊಮ್ಮೆ ಹೇಳ್ರಿ ಚಾಚಾ," ಎಂದಳು.

ಹತ್ತು ದಿನಕ್ಕೆ ಅವಲಕ್ಕಿ ಹಿರೇಕೆರೂರಿಗೆ ಬಂತು. ಒಗ್ಗರಣೆ ಹಾಕಿ, ಬೇವಿನ ಗಿಡದ ಕೆಳಗೆ ಹಮಾಲರೆಲ್ಲ ತಿಂದರು. ದಪ್ಪ ಅವಲಕ್ಕಿ, ಆದರೆ ಮೆತ್ತಗಿತ್ತು ಎಂದು ತೀರ್ಪಾಯಿತು. ಉಳವಪ್ಪನವರು ಎರಡು ಸಲ ಹಾಕಿಸಿಕೊಂಡರು.

ಫೆಬ್ರುವರಿ ಕೊನೆಗೆ ಎರಡನೆಯ ಲೋಡಿಗೆ ಲಾರಿ ಬಂದು ನಿಂತಿತು. ಹೂವಪ್ಪ "ಲಾಭ" ಎಂದು ಕೂಗಿ ಮುನ್ನೂರಕ್ಕೆ ನಿಲ್ಲಿಸಿದ. ಲಾರಿ ಕಾಟಾಕ್ಕೆ ಹೊರಡುವ ಮುಂಚೆ ನೇತ್ರಾ ಅಡ್ಡ ನಿಂತಳು.

"ಕಾಕಾ, ಅದನ್ನೂ ತಗೊಂಡು ಬರ್ರಿ."

"ಯಾವುದನ್ರಿ?"

"ಕೆಂಪು ದಾರದ್ದು. ಮೊದಲು ತೂಕಾ ಮಾಡೂಣು. ಈ ಸಲ ಕಾಗದದಾಗ ಬರೀತೇನಿ."

ಹೂವಪ್ಪನಿಗೆ ಇದು ಒಗ್ಗಲಿಲ್ಲ. "ಕಾಟಾಕ್ಕ ಹಾಕಿದ್ರ ಅದು ಮಾಲ ಆಗತೈತ್ರಿ ಅಕ್ಕಾರ. ಕೊಡೂದನ್ನ ಯಾರರ ತೂಗ್ತಾರೇನು?"

"ಬರೀದಿದ್ರ ರಕ್ಸೌಲಿನವರ ಪಾಲಾಗತೈತಿ. ಆ ಮುದುಕಗ ಎರಡನೇ ಸಲ ಕೊಡೋದು, ಬೀರ್‌ಗಂಜಿನವರಿಗೆ ಒಮ್ಮೀನೂ ಇಲ್ಲ. ಹಂಗಾದ್ರ ನಡೀತೈತೇನು?"

ಇದು ಹೂವಪ್ಪನಿಗೆ ನಾಟಿತು. ಚೀಲ ತಂದ. ಸಣ್ಣ ಕಾಟಾದ ಮೇಲಿಟ್ಟು, ತಾನು ಬೇವಿನ ಗಿಡದ ಕಡೆ ಮುಖ ಮಾಡಿ ನಿಂತ. ನೇತ್ರಾ ಬರೆದಳು: ಎರಡನೆಯ ಸಾಲು, ಇಳಿಸುವವರ ಚೀಲ, ಒಂದು, ಮಾರಾಟಕ್ಕಲ್ಲ. ಪಕ್ಕಕ್ಕೆ ತೂಕವನ್ನೂ ಬರೆದಳು.

"ಎಷ್ಟು ಬಂತ್ರಿ?" ಎಂದ ಹೂವಪ್ಪ, ಗಿಡ ನೋಡುತ್ತಲೇ.

"ಇಪ್ಪತ್ತೆರಡು ಕಿಲೊ."

ಹೂವಪ್ಪ ತಿರುಗಿದ. "ಇಪ್ಪತ್ತೆರಡಾ? ಕಾಗದದಾಗ ಬರಿಯೂದಂದ್ರ ಬ್ಯಾರೆ ದೇಶದವರು ಓದತಾರ. ಇಪ್ಪತ್ತೆರಡು ಅಂತ ಓದಿದ್ರ ನಮ್ಮ ಬಗ್ಗೆ ಏನ್ ತಿಳಕೊಂಡಾರು?" ಎಂದವನೇ ಹೊಲಿದ ದಾರ ಬಿಚ್ಚತೊಡಗಿದ. ಒಳಗಿನಿಂದ ಉಳವಪ್ಪನವರು ಎರಡೂ ಬೊಗಸೆ ತುಂಬಿಕೊಂಡು ಬರುತ್ತಿದ್ದರು.

ನೇತ್ರಾ ಬರೆದ ತೂಕವನ್ನು ಹೊಡೆದು ಹಾಕಿ, ಪೆನ್ನು ಹಿಡಿದು ಕಾದಳು.